ಒಂದು ಮಾತು ಕೇಳುವ ಧೈರ್ಯ



ಸೆಪ್ಟೆಂಬರ್ 8ರಂದು ಮಾತೆ ಮರಿಯಮ್ಮನವರ ಜನ್ಮೋತ್ಸವ. 15ರಂದು ವ್ಯಾಕುಲ ಮಾತೆಯ ಸ್ಮರಣೆ. ಈ ಎರಡರ ನಡುವೆ ಬರುವ 10ನೇ ತಾರೀಖನ್ನು 2003ರಿಂದ ಜಗತ್ತಿನಾದ್ಯಂತ ಆತ್ಮಹತ್ಯೆ ತಡೆ ದಿನವೆಂದು ಆಚರಿಸಲಾಗುತ್ತಿದೆ. ನಮ್ಮ ಪೂಜಾ ಪಂಚಾಂಗದಲ್ಲಿ ಅದಿಲ್ಲ. ಆದರೆ ನಮ್ಮ ಮನೆಗಳಲ್ಲಿ ಆ ದುಃಖವಿದೆ. ಆದ್ದರಿಂದ ಈ ಹಬ್ಬಕ್ಕೆ ಆ ವಿಷಯವನ್ನೇ ತೆಗೆದುಕೊಂಡಿದ್ದೇವೆ.

ಮೊದಲು ನಮ್ಮದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ಭಾನುವಾರದ ಬಲಿಪೂಜೆ ಮುಗಿದ ಮೇಲೆ ರೈತ ಸಹೋದರರೊಬ್ಬರು ಎಲ್ಲರೂ ಹೋಗುವ ತನಕ ಬಾಗಿಲ ಬಳಿ ನಿಂತಿದ್ದರು. "ಫಾದರ್, ನನ್ನ ಹೆಸರಿಲೆ ಒಂದು ಪೂಜೆ ಇಡ್ರಿ. ಮುಂದ ಬರಾಕ ಆಗತೈತೋ ಇಲ್ಲೋ" ಎಂದರು. ನಾವು ಹೆಸರು ಬರೆದುಕೊಂಡೆವು, ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸಿ, ದೇವರಿದ್ದಾನೆ ಎಂದು ಹೇಳಿ ಕಳಿಸಿದೆವು. ವಾರದೊಳಗೆ ಆಸ್ಪತ್ರೆಯಿಂದ ಫೋನ್ ಬಂತು. ದೇವರ ದಯೆಯಿಂದ ಅವರು ಉಳಿದರು. ಆಮೇಲೆ ಒಮ್ಮೆ, ಸಿಟ್ಟಿಲ್ಲದೆ, "ಅವತ್ತ ನೀವು ಇನ್ನೊಂದು ಮಾತು ಕೇಳಿದ್ರ ಹೇಳಿಬಿಡತಿದ್ದೆರಿ" ಎಂದರು. ಗುರುಮಠದಲ್ಲಿ ತತ್ವಶಾಸ್ತ್ರ, ದೈವಶಾಸ್ತ್ರ ಎಲ್ಲವನ್ನೂ ಓದಿ ಬಂದ ನಮಗೆ ಆ ಒಂದು ಮಾತು ಬಂದಿರಲಿಲ್ಲ.

ಆ ಮಾತನ್ನು ಕಲಿಸುವ ತರಬೇತಿ ಇದೆ. 1995ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞ ಪಾಲ್ ಕ್ವಿನೆಟ್ ಅದಕ್ಕೆ ಮೂರು ಹೆಜ್ಜೆಗಳ ಸರಳ ರೂಪ ಕೊಟ್ಟರು: ಕೇಳುವುದು, ಒಪ್ಪಿಸುವುದು, ಮುಟ್ಟಿಸುವುದು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೂ ಜನಸಾಮಾನ್ಯರಿಗೆ ಇಂಥ ತರಬೇತಿ ಕೊಡುತ್ತ ಬಂದಿದೆ. ಇದನ್ನು ಕಲಿತವರಿಗೆ 'ಗೇಟ್‌ಕೀಪರ್' ಎಂದು ಹೆಸರು. ಮುಗದದ ಒಂದು ಮನೆಯಂಗಳದಲ್ಲಿ ನಾವು ಈ ತರಬೇತಿ ಇಟ್ಟಾಗ ಹಿರಿಯರೊಬ್ಬರು, "ಅಂದ್ರ ರೈಲ್ವೆ ಗೇಟ್ ಕಾಯೂದೇನ್ರಿ ಫಾದರ್?" ಎಂದು ಎಲ್ಲರನ್ನೂ ನಗಿಸಿದರು. ರೈಲು ನಿಲ್ದಾಣವಿರುವ ಊರಲ್ಲವೇ!

ಡಾಕ್ಟರರ ಕೆಲಸ ನಮಗೇಕೆ ಎಂಬ ಪ್ರಶ್ನೆಯೂ ಬಂತು. ಅದಕ್ಕೆ ಲಂಡನ್ನಿನ ಆಂಗ್ಲಿಕನ್ ಪಾದ್ರಿ ಚಾಡ್ ವಾರಾ ಅವರ ಕಥೆಯೇ ಉತ್ತರ. 1953ರಲ್ಲಿ ಅವರು ಜೀವನದಲ್ಲಿ ಬೇಸತ್ತವರು ತಮ್ಮ ಬಳಿ ಬರಲೆಂದು ಒಂದು ಸೇವೆ ತೆರೆದರು. ಕಾಯುತ್ತ ಕೂತವರಿಗೆ ಚಹಾ ಮಾಡಿಕೊಡಲು ಕೆಲವು ಸ್ವಯಂಸೇವಕರಿದ್ದರು. ಬಂದವರಲ್ಲಿ ಎಷ್ಟೋ ಜನ ಆ ಚಹಾ ಕೊಟ್ಟವರ ಹತ್ತಿರವೇ ಮನಸ್ಸು ಬಿಚ್ಚಿ ಮಾತಾಡಿ, ಪಾದ್ರಿಯನ್ನು ನೋಡದೆಯೇ ಹಗುರಾಗಿ ಹೋಗತೊಡಗಿದರು! ಮರುವರ್ಷವೇ ಅವರು ಆ ಕೆಲಸವನ್ನು ಸ್ವಯಂಸೇವಕರಿಗೆ ಒಪ್ಪಿಸಿದರು. ಗುರುಗಳಾದ ನಮಗೂ ಇದರಲ್ಲಿ ಪಾಠವಿದೆ.

ಕೇಳುವುದೇ ಎಲ್ಲಕ್ಕಿಂತ ಕಷ್ಟ. "ನಾ ಇಲ್ಲಂದ್ರ ನಿಮಗ ಆರಾಮ" ಎನ್ನುವುದು, ಪ್ರೀತಿಯ ವಸ್ತುಗಳನ್ನು ಹಂಚಿಬಿಡುವುದು, ನಿದ್ದೆಗೆಡುವುದು, ಕುಡಿತ ಹೆಚ್ಚುವುದು, ಗುಡಿಗೂ ಜಪಸರ ಪ್ರಾರ್ಥನೆಗೂ ಬರುವುದನ್ನು ಬಿಡುವುದು, ಬಹಳ ದಿನ ಕುಗ್ಗಿದ್ದವರು ಒಮ್ಮೆಲೇ ಶಾಂತರಾಗುವುದು, ಇವು ಕಂಡಾಗ ಏಕಾಂತದಲ್ಲಿ ಕೂತು ನೇರವಾಗಿ ಕೇಳಬೇಕು: "ಅಣ್ಣಾ, ಜೀವ ಕಳಕೋಬೇಕು ಅನ್ನೋ ವಿಚಾರ ಬಂದೈತೇನು?" ಹೀಗೆ ಕೇಳಿದರೆ ಇಲ್ಲದ ವಿಚಾರವನ್ನು ತಲೆಯಲ್ಲಿ ಬಿತ್ತಿದಂತಾಗುತ್ತದೆ ಎಂಬ ಭಯ ಎಲ್ಲರಿಗೂ ಇದೆ. ಅದು ಸುಳ್ಳು. ಕೇಳಿದವನ ಎದುರು ಭಾರ ಇಳಿಯುತ್ತದೆಂದು ಅಧ್ಯಯನಗಳು ತೋರಿಸಿವೆ. ಹೌದು ಎಂದರೆ ಬೈಯಬಾರದು. "ಹೆಂಡ್ತಿ ಮಕ್ಕಳ ಮುಖ ನೋಡು" ಎಂದು ಅಪರಾಧಭಾವ ಹೆಚ್ಚಿಸಬಾರದು. "ಹೆಂಗ ಅನ್ನಿಸ್ತೈತಿ, ಹೇಳು" ಎಂದು ಸುಮ್ಮನೆ ಕೇಳಿಸಿಕೊಳ್ಳಬೇಕು.

ಪ್ರವಾದಿ ಎಲೀಯನನ್ನು ನೆನಪಿಸಿಕೊಳ್ಳಿರಿ. ಕರ್ಮೆಲ್ ಬೆಟ್ಟದ ಮೇಲೆ ಗೆದ್ದು ಬಂದವನೇ ಮರುಭೂಮಿಯ ಗಿಡದ ಕೆಳಗೆ ಕೂತು ಸಾವು ಬೇಡಿದ. ದೇವದೂತನು ಪ್ರಬೋಧನೆ ಕೊಡಲಿಲ್ಲ. ರೊಟ್ಟಿ ಮತ್ತು ನೀರು ಕೊಟ್ಟು, ಮಲಗಲು ಬಿಟ್ಟು, ಮತ್ತೆ ಬಂದು ಎಬ್ಬಿಸಿ ತಿನ್ನಿಸಿದ. ಎಲೀಯನ ದೂರನ್ನು ದೇವರು ಕೇಳಿಸಿಕೊಂಡದ್ದು ಆಮೇಲೆ. ಫಿಲಿಪ್ಪಿಯ ಸೆರೆಮನೆಯಲ್ಲಿ ಭೂಕಂಪವಾಗಿ ಕಾವಲುಗಾರನು ಪ್ರಾಣ ಕಳೆದುಕೊಳ್ಳಲು ಹೊರಟಾಗ ಸಂತ ಪೌಲರು ಕತ್ತಲೆಯಿಂದಲೇ ಕೂಗಿ, ಹಾನಿ ಮಾಡಿಕೊಳ್ಳಬೇಡವೆಂದೂ ತಾವೆಲ್ಲರೂ ಇಲ್ಲೇ ಇರುವೆವೆಂದೂ ಹೇಳಿದರು. ಮೂರು ಹೆಜ್ಜೆಗಳಲ್ಲಿ ಎರಡನೆಯದಾದ ಒಪ್ಪಿಸುವುದು ಎಂದರೆ ಇಷ್ಟೇ: ನಾವಿದ್ದೇವೆ, ಈ ರಾತ್ರಿ ದಾಟೋಣ, ನಾಳೆ ಜೊತೆಗೆ ಹೋಗೋಣ.

ಇನ್ನು ಮುಟ್ಟಿಸುವುದು. ಒಬ್ಬರನ್ನೇ ಬಿಡದೆ ಕೈಹಿಡಿದು ಕರೆದೊಯ್ಯಬೇಕು. ಮುಗದದವರಿಗೆ ಧಾರವಾಡದ ಡಿಮ್ಹಾನ್ಸ್ ದೂರವೇನಲ್ಲ. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಜೀವಕ್ಕೆ ತಕ್ಷಣದ ಅಪಾಯವಿದ್ದರೆ 112. ಗುಟ್ಟಾಗಿಡುವೆನೆಂದು ಮಾತು ಕೊಡಬೇಡಿ. ಪಾಪನಿವೇದನೆಯಲ್ಲಿ ಕೇಳಿದ್ದನ್ನು ಹೇಳುವ ಅಧಿಕಾರ ಗುರುಗಳಾದ ನಮಗಿಲ್ಲ. ಆದ್ದರಿಂದಲೇ ಅಲ್ಲಿ ಇಂಥ ಮಾತು ಬಂದರೆ, ಹೊರಗೆ ಬಂದು ಮತ್ತೊಮ್ಮೆ ಮಾತಾಡೆಂದು ನಾವು ಬೇಡಿಕೊಳ್ಳುತ್ತೇವೆ.

ಹೊಲದವರ ಮನೆಯಲ್ಲಿ ಇನ್ನೊಂದು ಕೆಲಸವಿದೆ. ಬೆಳೆಗೆ ಹೊಡೆಯುವ ಎಣ್ಣಿ ಅಡುಗೆಮನೆಯ ಗೂಡಿನಲ್ಲಿರಬಾರದು. ಪೆಟ್ಟಿಗೆಯಲ್ಲಿಟ್ಟು ಕೀಲಿ ಹಾಕಬೇಕು. ಮನೆಯಲ್ಲಿ ಯಾರಾದರೂ ಕುಗ್ಗಿದ್ದರೆ ಅದನ್ನು ಬೇರೆಯವರ ಸುಪರ್ದಿಗೆ ಕೊಡಬೇಕು. ಆ ಕೆಟ್ಟ ಗಳಿಗೆ ಬಹಳ ಸಲ ಸ್ವಲ್ಪ ಹೊತ್ತಿನದು. ಆಗ ಕೈಗೆ ಸಿಗದಿದ್ದರೆ ಜೀವ ಉಳಿಯುತ್ತದೆ. ಶ್ರೀಲಂಕಾ ದೇಶವು ತೀವ್ರ ವಿಷದ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿದ ಮೇಲೆ ಅಲ್ಲಿಯ ಆತ್ಮಹತ್ಯೆಗಳು 1995ರಿಂದ 2015ರೊಳಗೆ ಶೇಕಡಾ 70ರಷ್ಟು ಇಳಿದವು. ನಮ್ಮ ದೇಶದಲ್ಲಿ 2022ರಲ್ಲಿ 1,70,924 ಜನ ಹೀಗೆ ಹೋದರು, ಕರ್ನಾಟಕದಲ್ಲೇ 13,606.

ಜನ ಬಾಯಿ ಬಿಡದಿರಲು ಪೊಲೀಸರ ಭಯವೂ ಒಂದು ಕಾರಣ. 2017ರ ಮಾನಸಿಕ ಆರೋಗ್ಯ ಕಾಯ್ದೆಯು ಪ್ರಯತ್ನಿಸಿ ಉಳಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದು ಪರಿಗಣಿಸುತ್ತದೆ. ಶಿಕ್ಷೆ ಹೇಳುತ್ತಿದ್ದ ಹಳೆಯ 309ನೇ ಕಲಮು 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇಲ್ಲ. ಇನ್ನೊಂದು ಭಯ ನಮ್ಮದೇ. "ಅಂಥವರಿಗೆ ಗುಡಿಯಾಗ ಪೂಜಿ ಇಲ್ಲಂತಲ್ರಿ?" ಎಂದು ತಾಯಂದಿರು ಇಂದಿಗೂ ಕೇಳುತ್ತಾರೆ. 1917ರ ಧರ್ಮಸಭಾ ಕಾನೂನಿನಲ್ಲಿ ಹಾಗಿತ್ತು. 1983ರ ಕಾನೂನಿನಲ್ಲಿ ಅದಿಲ್ಲ. ಜೀವವು ದೇವರದು, ಅದನ್ನು ಕಳೆಯುವುದು ಗಂಭೀರ ವಿಷಯವೆಂದು ಧರ್ಮಸಭೆಯ ಧರ್ಮೋಪದೇಶ ಬೋಧಿಸುತ್ತದೆ. ಆದರೆ ಮನಸ್ಸಿನ ತೀವ್ರ ವ್ಯಥೆ ಹೊಣೆಯನ್ನು ಕಡಿಮೆ ಮಾಡಬಹುದೆಂದೂ, ಅಂಥವರ ರಕ್ಷಣೆಯ ಬಗ್ಗೆ ನಿರಾಶರಾಗಬಾರದೆಂದೂ ಅದೇ ಪುಟದಲ್ಲಿದೆ. ಕುಟುಂಬದವರೇ, ನಿಮ್ಮವರಿಗಾಗಿ ಪೂಜೆ ಕೇಳಲು ಸಂಕೋಚ ಬೇಡ.

ಮುಗದದ ಆ ತರಬೇತಿಯಲ್ಲಿ ಇಬ್ಬಿಬ್ಬರಾಗಿ ಕೂತು ಆ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳಿ ರೂಢಿ ಮಾಡಿಕೊಳ್ಳಬೇಕಿತ್ತು. ಯಾರ ನಾಲಿಗೆಯೂ ಹೊರಳಲಿಲ್ಲ. ನಮ್ಮದೂ ಹೊರಳಲಿಲ್ಲವೆಂದರೆ ನಂಬಿರಿ. ಕೊನೆಗೆ ಹಿಂದಿನ ಸಾಲಿನಿಂದ ಎದ್ದು ಬಂದು ನಮ್ಮೆದುರು ಕೂತವರು, ಅಂದು ಬಾಗಿಲ ಬಳಿ ನಿಂತಿದ್ದ ಆ ರೈತ ಸಹೋದರರು. ನಮ್ಮ ಮುಖವನ್ನೇ ನೋಡುತ್ತ ಕೇಳಿದರು. ಆಮೇಲೆ, "ಈಗ ನೀವು ಕೇಳ್ರಿ ಫಾದರ್" ಎಂದರು.