ಹಲ್ಲಿ ಉಪವಾಸ ಕೂತರೆ ಮೊದಲು ಥರ್ಮಾಮೀಟರ್ ನೋಡಿ

ತಟ್ಟೆಯಲ್ಲಿ ಹುಳು ಹೊರಳಾಡುತ್ತಿದೆ. ಲೆಪರ್ಡ್ ಗೆಕೊ ತಲೆ ಎತ್ತಿ ನೋಡುತ್ತದೆ, ಒಮ್ಮೆ ನಾಲಿಗೆ ಚಾಚಿ ಗಾಳಿಯ ವಾಸನೆ ಹಿಡಿಯುತ್ತದೆ, ಆಮೇಲೆ ಮುಖ ತಿರುಗಿಸಿಕೊಂಡು ಗೂಡು ಸೇರಿಬಿಡುತ್ತದೆ. ಹೀಗೆ ಒಂದು ವಾರ ನಡೆದರೆ ಸಾಕಿದವರ ಜೀವ ಬಾಯಿಗೆ ಬರುತ್ತದೆ. ಅಮೆರಿಕ, ಬ್ರಿಟನ್‌ಗಳಲ್ಲಿ ತುಂಬಾ ಜನ ಸಾಕುವ ಸರೀಸೃಪಗಳಲ್ಲಿ ಇದೂ ಒಂದು. ಅಲ್ಲಿ ನೆಲೆಸಿದ ಕನ್ನಡಿಗರ ಮನೆಗಳಲ್ಲೂ ಮಕ್ಕಳ ಹಟಕ್ಕೆ ಮಣಿದು ಗಾಜಿನ ಪೆಟ್ಟಿಗೆಯೊಂದು ಹಾಲ್‌ಗೆ ಬಂದು ಕೂರುವುದುಂಟು. ಬಂದವರನ್ನು ಉಣ್ಣಿಸದೆ ಕಳಿಸದ ನಮಗೆ, ಮನೆಯೊಳಗಿನ ಜೀವವೇ ಉಣ್ಣದೆ ಕೂತರೆ ಸಹಿಸಲಾಗದು. ಹಿಡಿದು ಬಾಯಿಗೆ ತುರುಕಿಯಾದರೂ ತಿನ್ನಿಸೋಣ ಅನ್ನಿಸುತ್ತದೆ. ಎಷ್ಟೋ ಸಲ ನಿಜವಾದ ತೊಂದರೆ ಶುರುವಾಗುವುದೇ ಅಲ್ಲಿಂದ.

ನಮ್ಮ ಗೋಡೆಯ ಹಲ್ಲಿಗೂ ಇದಕ್ಕೂ ದೂರದ ನಂಟಿದೆ, ಸ್ವಭಾವ ಮಾತ್ರ ಬೇರೆ. ಗೋಡೆಯ ಹಲ್ಲಿಗೆ ಕಣ್ಣುರೆಪ್ಪೆ ಇಲ್ಲ. ಇದಕ್ಕಿದೆ, ಕಣ್ಣು ಮುಚ್ಚಿ ನಿದ್ದೆ ಮಾಡುತ್ತದೆ. ಪಾದದಲ್ಲಿ ಅಂಟಿಕೊಳ್ಳುವ ಪಟ್ಟಿಗಳಿಲ್ಲದ ಕಾರಣ ಗಾಜು, ಗೋಡೆ ಹತ್ತಲಾರದು. ನೆಲವೇ ಇದರ ಜಾಗ. ಅಫ್ಘಾನಿಸ್ತಾನ, ಪಾಕಿಸ್ತಾನ ಮತ್ತು ವಾಯವ್ಯ ಭಾರತದ ಕಲ್ಲುನೆಲ, ಕುರುಚಲು ಬಯಲು ಇದರ ತವರು. ಕೋಲ್ಕತ್ತದ ಏಷ್ಯಾಟಿಕ್ ಸೊಸೈಟಿಯ ವಸ್ತುಸಂಗ್ರಹಾಲಯ ನೋಡಿಕೊಳ್ಳುತ್ತಿದ್ದ ಎಡ್ವರ್ಡ್ ಬ್ಲೈತ್ 1854ರಲ್ಲಿ ಇದನ್ನು ಮೊದಲು ವಿವರಿಸಿದ. ಹಗಲೆಲ್ಲ ಬಂಡೆಯ ಸಂದಿಯಲ್ಲಿ ಅಡಗಿದ್ದು, ಮುಸ್ಸಂಜೆಗೆ ಹೊರಬಂದು, ಬಿಸಿಲಿಗೆ ಕಾದ ಕಲ್ಲಿನ ಮೇಲೆ ಹೊಟ್ಟೆ ಊರಿ ಶಾಖ ಹೀರಿಕೊಂಡು ಬೇಟೆಗೆ ಹೊರಡುವುದು ಇದರ ದಿನಚರಿ. ಚಳಿಗಾಲ ಕಡುವಾದಾಗ ಬಿಲ ಬಿಟ್ಟು ಹೊರಡದೆ, ಬಾಲದಲ್ಲಿ ಕೂಡಿಟ್ಟ ಕೊಬ್ಬನ್ನು ಕರಗಿಸಿಕೊಂಡು ಕಾಲ ತಳ್ಳುತ್ತದೆ. ಆ ದಪ್ಪ ಬಾಲ ಅದರ ಕಣಜ.

ಇದರ ಹಸಿವಿನ ಲೆಕ್ಕವೂ ನಮ್ಮ ಲೆಕ್ಕದಂತಲ್ಲ. ಮನುಷ್ಯ, ನಾಯಿ, ಇಲಿ ತಿಂದ ಅನ್ನದ ಬಹುಪಾಲನ್ನು ಮೈ ಬೆಚ್ಚಗಿಡುವುದಕ್ಕೇ ಸುಡುತ್ತವೆ. ಹಲ್ಲಿ ಶೀತರಕ್ತದ ಪ್ರಾಣಿ, ಮೈಗೆ ಬೇಕಾದ ಶಾಖವನ್ನು ಹೊರಗಿನಿಂದ ಪಡೆಯುತ್ತದೆ. ಅಷ್ಟೇ ತೂಕದ ಸಸ್ತನಿಗೆ ಬೇಕಾದ ಶಕ್ತಿಯಲ್ಲಿ ಹೆಚ್ಚುಕಡಿಮೆ ಹತ್ತನೇ ಒಂದು ಪಾಲಿನಲ್ಲಿ ಅದರ ಜೀವನ ಸಾಗುತ್ತದೆ. ಹಾಗಾಗಿ ಬಾಲ ತುಂಬಿಕೊಂಡಿರುವ ಆರೋಗ್ಯವಂತ ದೊಡ್ಡ ಗೆಕೊ ಹತ್ತು ಹದಿನೈದು ದಿನ ಏನೂ ತಿನ್ನದಿದ್ದರೆ ಅಷ್ಟರಿಂದಲೇ ಅಪಾಯವಿಲ್ಲ. ಮರಿಗಳ ಮಾತು ಬೇರೆ. ಅವಕ್ಕೆ ಕೂಡಿಟ್ಟ ಕೊಬ್ಬು ಕಡಿಮೆ, ಬೆಳೆಯುವ ಅವಸರ ಹೆಚ್ಚು. ಕೆಲವೇ ದಿನ ಬಿಟ್ಟರೂ ಸೊರಗುತ್ತವೆ.

ಶಾಖ ಕಡಿಮೆಯಾದರೆ ಜೀರ್ಣಕ್ರಿಯೆ ನಿಧಾನವಾಗುತ್ತದೆ. ಅನ್ನ ಅರಗಿಸುವ ಕಿಣ್ವಗಳು ಚುರುಕಾಗುವುದು ಮೈ ಬೆಚ್ಚಗಿದ್ದಾಗಲೇ. ತಣ್ಣನೆಯ ಹೊಟ್ಟೆಗೆ ಹುಳು ಬಿದ್ದರೆ ಅರಗದೆ ಕೊಳೆಯುತ್ತದೆ, ಇಲ್ಲವೇ ವಾಂತಿಯಾಗುತ್ತದೆ. ಆದ್ದರಿಂದ ತಣ್ಣಗಿರುವ ಗೆಕೊ ತಿನ್ನಲು ಒಲ್ಲದಿರುವುದು ಸರಿಯಾದ ನಡೆ. ಪೆಟ್ಟಿಗೆಯ ಒಂದು ತುದಿಯಲ್ಲಿ ನೆಲದ ಶಾಖ 31ರಿಂದ 33 ಡಿಗ್ರಿ ಸೆಲ್ಸಿಯಸ್, ಇನ್ನೊಂದು ತುದಿಯಲ್ಲಿ 24ರಿಂದ 26 ಡಿಗ್ರಿ ಇರಬೇಕು, ಎರಡೂ ಕಡೆ ಅಡಗುತಾಣ ಇರಬೇಕು. ಬಿಸಿ ಬೇಕಾದರೆ ಆ ಕಡೆ, ತಂಪು ಬೇಕಾದರೆ ಈ ಕಡೆ ಅದೇ ಸರಿದುಕೊಳ್ಳುತ್ತದೆ.

ಅಳೆಯುವಲ್ಲೇ ಹಲವರು ಎಡವುತ್ತಾರೆ. ಗಾಜಿಗೆ ಅಂಟಿಸಿದ ಮುಳ್ಳಿನ ಥರ್ಮಾಮೀಟರ್ ತೋರಿಸುವುದು ಗಾಜಿನ ಬಳಿಯ ಗಾಳಿಯ ಬಿಸಿಯನ್ನು. ಗೆಕೊ ಮಲಗುವುದು ನೆಲದ ಮೇಲೆ. ವೈರಿನ ತುದಿಯಲ್ಲಿ ಸಂವೇದಕವಿರುವ ಡಿಜಿಟಲ್ ಥರ್ಮಾಮೀಟರನ್ನು ಬೆಚ್ಚನೆಯ ಗೂಡಿನೊಳಗೆ ನೆಲಕ್ಕೆ ತಾಗಿಸಿ ಇಟ್ಟರೆ ಮಾತ್ರ ನಿಜ ಗೊತ್ತಾಗುತ್ತದೆ. ಚಳಿಗಾಲ ಕಾಲಿಟ್ಟಾಗ ಕೋಣೆ ತಣ್ಣಗಾಗಿ, ಪೆಟ್ಟಿಗೆಯ ನೆಲವನ್ನು ಕಾಯಿಸುವ, ಬೇಸಿಗೆಯಲ್ಲಿ ಸಾಕಾಗಿದ್ದ ಹೀಟ್ ಮ್ಯಾಟ್ ಈಗ ಸಾಲದಾಗಬಹುದು. ಮ್ಯಾಟಿನ ಬಿಸಿಯನ್ನು ಹತೋಟಿಯಲ್ಲಿಡುವ ಥರ್ಮೋಸ್ಟಾಟಿನ ಸಂವೇದಕ ಜಾಗ ಬಿಟ್ಟು ಸರಿದಿರಬಹುದು. ಸರಿದ ಸಂವೇದಕ ತಣ್ಣನೆಯ ಕಡೆ ಬಿದ್ದರೆ ಮ್ಯಾಟ್ ಕಾಯುತ್ತಲೇ ಹೋಗಿ ಹೊಟ್ಟೆ ಸುಡುವ ಅಪಾಯವೂ ಇದೆ. ಹುಳುವಿನ ಬ್ರ್ಯಾಂಡ್ ಬದಲಿಸುವ ಮುನ್ನ ಇದನ್ನೆಲ್ಲ ನೋಡಬೇಕು.

ಶಾಖ ಸರಿಯಿದ್ದೂ ತಿನ್ನದಿದ್ದರೆ, ಅದರ ಬದುಕಿನ ಸಹಜ ತಿರುವುಗಳನ್ನು ಗಮನಿಸಬೇಕು. ಹೊಸ ಮನೆಗೆ ಬಂದ ಗೆಕೊ ಮೊದಲ ಒಂದೆರಡು ವಾರ ಬೆದರಿರುತ್ತದೆ. ಪೆಟ್ಟಿಗೆಯ ಮೂರು ಬದಿ ಮುಚ್ಚಿ, ಎತ್ತಿ ಆಡಿಸದೆ ಬಿಟ್ಟರೆ ತಾನೇ ಒಗ್ಗಿಕೊಳ್ಳುತ್ತದೆ. ಪೊರೆ ಬಿಡುವ ಮುನ್ನ ಮೈ ಬಣ್ಣಗೆಟ್ಟು ಬೂದು ಬಳಿದಂತೆ ಬಿಳಚುತ್ತದೆ, ಆಗ ಬೇಟೆಯ ಗೊಡವೆಗೆ ಹೋಗುವುದಿಲ್ಲ. ಪೊರೆ ಕಳಚಿದ ಕೂಡಲೇ ಅದನ್ನೇ ಎಳೆದೆಳೆದು ತಿಂದು ಮುಗಿಸುತ್ತದೆ. ಚರ್ಮ ಎಲ್ಲೂ ಸಿಗಲಿಲ್ಲವೆಂದು ಗಾಬರಿಯಾಗಬೇಕಿಲ್ಲ. ಒಳಗೆ ಒದ್ದೆ ಪಾಚಿಯಿಟ್ಟ ಗೂಡು ಇದ್ದರೆ ಪೊರೆ ಸಲೀಸಾಗಿ ಬರುತ್ತದೆ. ಬೆರಳ ಸುತ್ತ ಉಳಿದ ಪೊರೆ ಬಿಗಿದು ರಕ್ತ ಸಂಚಾರ ನಿಲ್ಲಿಸಬಹುದು, ಕಣ್ಣಲ್ಲಿ ಉಳಿದರೆ ಬೇಟೆಯೇ ಕಾಣದು. ಸಂತಾನದ ಋತುವಿನಲ್ಲಿ ಗಂಡಿಗೆ ಊಟದ ನೆನಪಿರುವುದಿಲ್ಲ. ಗಂಡಿನ ಸಂಗವಿಲ್ಲದೆಯೂ ಹೆಣ್ಣು ಮೊಟ್ಟೆ ಕಟ್ಟಬಲ್ಲದು, ಆಗ ಹೊಟ್ಟೆಯ ತೆಳು ಚರ್ಮದಡಿ ಎರಡು ಬಿಳಿ ಆಕಾರಗಳು ಕಾಣುತ್ತವೆ. ಒಂದೇ ಪೆಟ್ಟಿಗೆಯಲ್ಲಿ ಎರಡನ್ನು ಇಟ್ಟಿದ್ದರೆ ಒಂದು ಇನ್ನೊಂದನ್ನು ಹೆದರಿಸಿ ಹಸಿದಿರಿಸುವುದು ಸಾಮಾನ್ಯ; ಬೇರೆ ಬೇರೆ ಇಡುವುದೇ ಪರಿಹಾರ.

ಇನ್ನು ಊಟದ ವಿಚಾರ. ಗೆಕೊ ಬೇಟೆಯಾಡುವುದನ್ನು ಹತ್ತಿರದಿಂದ ನೋಡಬೇಕು. ಕ್ರಿಕೆಟ್ ಎಂದು ಮಾರುವ ಚಿಮ್ಮಂಡೆ ಹುಳು ಕಣ್ಣಿಗೆ ಬಿದ್ದಾಗ ಅದು ಒಂದು ಕಾಲು ಎತ್ತಿ ಹಾಗೇ ನಿಲ್ಲುತ್ತದೆ. ಕುತ್ತಿಗೆ ಚಾಚುತ್ತದೆ. ಬಾಲದ ತುದಿ ಸಣ್ಣಗೆ ಅದುರತೊಡಗುತ್ತದೆ. ಆಮೇಲೆ ಒಂದೇ ನೆಗೆತ. ಈ ಆಟ ನಡೆಯಬೇಕಾದರೆ ಹುಳು ಅಲ್ಲಾಡಬೇಕು. ಸತ್ತ ಹುಳುವನ್ನು ತಟ್ಟೆಯಲ್ಲಿಟ್ಟರೆ ಎಷ್ಟೋ ಗೆಕೊಗಳು ಅದನ್ನು ಊಟವೆಂದೇ ಎಣಿಸುವುದಿಲ್ಲ. ಇಕ್ಕುಳದಲ್ಲಿ ಹಿಡಿದು ನಿಧಾನಕ್ಕೆ ಆಡಿಸಿದರೆ ಮನಸ್ಸು ಬದಲಾಗಬಹುದು. ಮುಸ್ಸಂಜೆ, ಮಂದ ಬೆಳಕು, ಗದ್ದಲವಿಲ್ಲದ ಹೊತ್ತು ನೋಡಿ ಕೊಡಬೇಕು. ಹುಳುವಿನ ಗಾತ್ರ ಗೆಕೊವಿನ ಎರಡು ಕಣ್ಣುಗಳ ನಡುವಿನ ಅಂತರ ಮೀರಬಾರದು. ಮೀಲ್‌ವರ್ಮ್ ಒಂದನ್ನೇ ತಿಂದು ಅಭ್ಯಾಸವಾದದ್ದಕ್ಕೆ ಬೇರೆ ಹುಳು ತೋರಿಸಿದರೆ ಕುತೂಹಲ ಮರಳಬಹುದು. ತಿನ್ನದೆ ಬಿಟ್ಟ ಚಿಮ್ಮಂಡೆಗಳನ್ನು ರಾತ್ರಿಯೇ ತೆಗೆದುಬಿಡಬೇಕು, ಇಲ್ಲದಿದ್ದರೆ ಅವೇ ಮಲಗಿದ ಗೆಕೊವನ್ನು ಕಚ್ಚುತ್ತವೆ.

ಹುಳುಗಳಲ್ಲಿ ರಂಜಕ ಹೆಚ್ಚು, ಕ್ಯಾಲ್ಸಿಯಂ ಕಡಿಮೆ. ಕ್ಯಾಲ್ಸಿಯಂ ಪುಡಿ, ವಿಟಮಿನ್ ಡಿ3 ಹಚ್ಚಿ ಕೊಡದಿದ್ದರೆ ದೇಹ ತನ್ನ ಮೂಳೆಯಿಂದಲೇ ಕ್ಯಾಲ್ಸಿಯಂ ಎಳೆದುಕೊಳ್ಳುತ್ತದೆ. ದವಡೆ ಮೆತ್ತಗಾದ ಗೆಕೊಗೆ ಹಸಿವಿದ್ದರೂ ಅಗಿಯಲಾಗದು. ಬಣ್ಣಕ್ಕಾಗಿ ಎಬ್ಬಿಸಿದ ತಳಿಗಳದ್ದು ಬೇರೆಯದೇ ತೊಡಕು. ‘ಎನಿಗ್ಮಾ’ ತಳಿಯ ಕೆಲವಕ್ಕೆ ಮೈಯ ಸಮತೋಲವೇ ಕೆಟ್ಟಿರುತ್ತದೆ, ಹುಳುವಿನ ಮೇಲೆ ನೆಗೆದರೆ ಗುರಿ ತಪ್ಪುತ್ತದೆ. ‘ಲೆಮನ್ ಫ್ರಾಸ್ಟ್’ ಎಂಬ ಹಳದಿ ತಳಿಗೆ ಬಣ್ಣದ ಕೋಶಗಳ ಗಡ್ಡೆ ಬರುವುದಕ್ಕೂ ಸ್ಪಿಂಟ್1 ಎಂಬ ಜೀನಿಗೂ ನಂಟಿರುವುದನ್ನು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ತಂಡ 2021ರಲ್ಲಿ ತೋರಿಸಿತು. ಕೊಳ್ಳುವಾಗ ಅಂದ ನೋಡುವ ಮೊದಲು ತಳಿ ಯಾವುದೆಂದು ಕೇಳುವುದು ಲೇಸು.

ಕಾಯಬೇಕೋ ವೈದ್ಯರ ಬಳಿ ಓಡಬೇಕೋ ಎಂಬುದನ್ನು ಹೇಳುವುದು ಅಡುಗೆಮನೆಯ ಡಿಜಿಟಲ್ ತಕ್ಕಡಿ. ದೊಡ್ಡ ಗೆಕೊ ಸಾಮಾನ್ಯವಾಗಿ 45ರಿಂದ 80 ಗ್ರಾಂ ತೂಗುತ್ತದೆ. ಡಬ್ಬಿಯಲ್ಲಿ ಕೂರಿಸಿ ವಾರಕ್ಕೊಮ್ಮೆ ತೂಗಿ ಬರೆದಿಡಬೇಕು. ತಿನ್ನದಿದ್ದರೂ ತೂಕ ನಿಂತಲ್ಲೇ ನಿಂತಿದ್ದರೆ ಕಾಯಬಹುದು. 60 ಗ್ರಾಂ ಇದ್ದದ್ದು 54ಕ್ಕೆ ಇಳಿದರೆ, ಅಂದರೆ ಹತ್ತನೇ ಒಂದು ಭಾಗ ಕರಗಿದರೆ, ಕಾಯುವ ಕಾಲ ಮುಗಿಯಿತು. ಬಾಲ ಸೊರಗಿ ಕಡ್ಡಿಯಾಗುವುದು, ತಿಂದದ್ದು ವಾಂತಿಯಾಗುವುದು, ಹಿಕ್ಕೆ ನೀರಾಗುವುದು ಅಥವಾ ನಿಂತೇ ಹೋಗುವುದು, ಬಾಯಂಚಿನಲ್ಲಿ ಕೀವು, ಕಣ್ಣು ತೆರೆಯದಿರುವುದು ಇವೆಲ್ಲ ರೋಗದ ಗುರುತು. ಸಡಿಲ ಮರಳಿನ ಮೇಲೆ ಸಾಕಿದ್ದರೆ ಮರಳು ನುಂಗಿ ಕರುಳು ಕಟ್ಟಿರಬಹುದು. ಬಾಲ ಸೊರಗಿಸುವುದರಲ್ಲಿ ಕುಖ್ಯಾತಿ ಪಡೆದದ್ದು ಕ್ರಿಪ್ಟೊಸ್ಪೊರಿಡಿಯಂ ಎಂಬ ಏಕಕೋಶ ಪರಾವಲಂಬಿ. ಇದಕ್ಕೆ ನೆಚ್ಚಬಹುದಾದ ಮದ್ದಿಲ್ಲ, ಒಂದರಿಂದ ಇನ್ನೊಂದಕ್ಕೆ ಹರಡುತ್ತದೆ. ಹಾಗಾಗಿ ಅನುಮಾನ ಬಂದ ಕೂಡಲೇ ಇಕ್ಕುಳ, ತಟ್ಟೆಗಳನ್ನೂ ಬೇರೆ ಮಾಡಬೇಕು.

ಬಾಯಿ ಬಿಡಿಸಿ ತುರುಕುವ ಕೆಲಸವನ್ನು ಮಾತ್ರ ಮನೆಯಲ್ಲಿ ಮಾಡಬಾರದು. ಪುಟ್ಟ ದವಡೆ ಮುರಿಯಬಹುದು, ಆಹಾರ ಶ್ವಾಸನಾಳಕ್ಕೆ ಇಳಿಯಬಹುದು, ಗಾಬರಿಯಲ್ಲಿ ಅದು ಬಾಲವನ್ನೇ ಕಳಚಿಬಿಡಬಹುದು. ಬಾಲ ಹೋದರೆ ಕೂಡಿಟ್ಟ ಕೊಬ್ಬೂ ಹೋದಂತೆ. ಬಹುಕಾಲ ಹಸಿದ ಮೈಗೆ ಒಮ್ಮೆಲೇ ಉಣಿಸುವುದೂ ಅಪಾಯವೇ. ರಕ್ತದ ಪೊಟ್ಯಾಸಿಯಂ, ರಂಜಕ ದಿಢೀರನೆ ಕುಸಿದು ಜೀವ ಹೋಗಬಹುದು. ಸರೀಸೃಪಗಳನ್ನು ಬಲ್ಲ ಪಶುವೈದ್ಯರು ಮೊದಲು ಮೈ ಬೆಚ್ಚಗೆ ಮಾಡುತ್ತಾರೆ, ಆಮೇಲೆ ನೀರಿನಂಶ ತುಂಬುತ್ತಾರೆ, ಕೊನೆಗೆ ಸ್ವಲ್ಪ ಸ್ವಲ್ಪವೇ ಆಹಾರ ಕೊಡುತ್ತಾರೆ. ಆ ಅನುಕ್ರಮವನ್ನು ತಿರುಗುಮುರುಗು ಮಾಡುವಂತಿಲ್ಲ.

ವೈದ್ಯರ ಬಳಿ ಹೋಗುವಾಗ ಬರಿಗೈಲಿ ಹೋಗಬೇಡಿ. ವಾರವಾರದ ತೂಕ, ಬೆಚ್ಚನೆಯ ಮತ್ತು ತಂಪಿನ ತುದಿಗಳ ಶಾಖ, ಕೊನೆಯ ಸಲ ತಿಂದದ್ದು ಯಾವಾಗ, ಪೊರೆ ಬಿಟ್ಟದ್ದು ಯಾವಾಗ ಎಂಬುದನ್ನು ಬರೆದುಕೊಳ್ಳಿ. ಪೆಟ್ಟಿಗೆಯ ಫೋಟೊ ತೆಗೆದುಕೊಳ್ಳಿ. ಹೊಸ ಹಿಕ್ಕೆಯನ್ನು ಶುದ್ಧ ಡಬ್ಬಿಯಲ್ಲಿ ಹಾಕಿಕೊಳ್ಳಿ. ಪರಾವಲಂಬಿಗಳ ಪತ್ತೆಗೆ ಸೂಕ್ಷ್ಮದರ್ಶಕದಡಿ ನೋಡುವುದು ಅದನ್ನೇ. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಆರೋಗ್ಯವಾಗಿ ಕಾಣುವ ಸರೀಸೃಪದ ಹಿಕ್ಕೆಯಲ್ಲೂ ಸಾಲ್ಮೊನೆಲ್ಲಾ ಇರಬಹುದು. ಬರೆದಿಟ್ಟ ಅಂಕಿಗಳು ಕೈಯಲ್ಲಿದ್ದರೆ ವೈದ್ಯರು ಊಹೆಯಲ್ಲಿ ಸಮಯ ಕಳೆಯದೆ ನೇರವಾಗಿ ಚಿಕಿತ್ಸೆಗೆ ಇಳಿಯಬಹುದು.