ಹಲ್ಲು ಯಾಕೆ ಜುಮ್ ಅನ್ನುತ್ತೆ?

ರಜೆಗೆ ಊರಿಗೆ ಹೋಗಿದ್ದೆ. ನಮ್ಮೂರು ಹಳೇಬೀಡು. ದೇವಸ್ಥಾನದ ಎದುರು ಐಸ್ ಕ್ಯಾಂಡಿ ಕಚ್ಚಿದ್ದೇ ತಡ, ಎಡಗಡೆ ಹಲ್ಲಿಂದ ಕಣ್ಣಿನವರೆಗೂ ಜುಮ್ ಅಂತು. "ಉಪ್ಪು, ಇದ್ದಿಲು ಹಾಕಿ ಗಟ್ಟಿಯಾಗಿ ಉಜ್ಜೋ, ಸರಿಹೋಗುತ್ತೆ" ಅಂದ್ಲು ಅಜ್ಜಿ. ಒಂದು ವಾರ ಉಜ್ಜಿದೆ, ನೋವು ಜಾಸ್ತಿಯಾಯ್ತು. ದಂತವೈದ್ಯರ ಹತ್ತಿರ ಹೋದಾಗಲೇ ಗೊತ್ತಾಗಿದ್ದು, ಉಜ್ಜಿದ್ದೇ ತಪ್ಪು ಅಂತ.

ಹಲ್ಲಿನ ಹೊರಪದರ ಎನಾಮಲ್. ನಮ್ಮ ದೇವಸ್ಥಾನದ ಬಳಪದ ಕಲ್ಲಿಗಿಂತ ಇದು ಗಟ್ಟಿ, ಮೋಸ್ ಸ್ಕೇಲಿನಲ್ಲಿ ಸುಮಾರು 5. ಆದರೆ ಎರಡಕ್ಕೂ ಒಂದೇ ಕಷ್ಟ: ಸವೆದು ಹೋದದ್ದು ಮತ್ತೆ ಬೆಳೆಯಲ್ಲ. ಎನಾಮಲ್ ಕಟ್ಟುವ ಜೀವಕೋಶಗಳು ಹಲ್ಲು ಮೂಡುವ ಹೊತ್ತಿಗೇ ಇಲ್ಲವಾಗಿರುತ್ತವೆ.

ಒಳಗಿನ ಪದರ ಡೆಂಟಿನ್. ಅದರ ತುಂಬ ಕೂದಲಿಗಿಂತ ಎಷ್ಟೋ ಸಣ್ಣ ನಾಳಗಳು, ನಾಳಗಳಲ್ಲಿ ದ್ರವ. ಎನಾಮಲ್ ಸವೆದರೆ ಅಥವಾ ಒಸಡು ಕೆಳಗೆ ಸರಿದು ಬೇರು ಕಾಣಿಸಿದರೆ ನಾಳಗಳ ಬಾಯಿ ತೆರೆದುಕೊಳ್ಳುತ್ತೆ. ತಣ್ಣಗಿನದ್ದು ತಾಗಿದಾಗ ದ್ರವ ಸರಕ್ಕನೆ ಹರಿಯುತ್ತೆ, ಒಳಗಿನ ನರ ಅದನ್ನು ನೋವು ಅಂತ ಓದಿಕೊಳ್ಳುತ್ತೆ. 1960ರ ದಶಕದಲ್ಲಿ ಸ್ವೀಡನ್ನಿನ ಬ್ರಾನ್‌ಸ್ಟ್ರಾಮ್ ಪ್ರಯೋಗಗಳಿಂದ ಇದನ್ನು ಬೆಂಬಲಿಸಿದರು. ನಮ್ಮ ಫ್ಲೂಯಿಡ್ ಮೆಕ್ಯಾನಿಕ್ಸ್ ಕ್ಲಾಸು ಬಾಯೊಳಗೇ ನಡೀತಿದೆ ಅನ್ನಿ!

ಪರಿಹಾರವೂ ಎರಡು ದಾರಿಯದು. ಪೊಟ್ಯಾಶಿಯಂ ನೈಟ್ರೇಟ್ ಇರುವ ಪೇಸ್ಟು ನರವನ್ನು ಸುಮ್ಮನಾಗಿಸುತ್ತೆ. ಸ್ಟಾನಸ್ ಫ್ಲೋರೈಡ್ ಇರುವಂಥದ್ದು ನಾಳದ ಬಾಯಿ ಮುಚ್ಚುತ್ತೆ. ಎರಡು ದಿನಕ್ಕೆ ಗುಣ ಕಾಣಲ್ಲ, ದಿನಕ್ಕೆ ಎರಡು ಸಲ ಎರಡರಿಂದ ನಾಲ್ಕು ವಾರ ಬಿಡದೆ ಹಚ್ಚಬೇಕು. ಸಾಫ್ಟ್ ಬ್ರಶ್ ಸಾಕು, ಕೈ ಹಗುರಾಗಿರಲಿ. ನಿಂಬೆ ಜ್ಯೂಸು, ಸೋಡಾ ಕುಡಿದ ತಕ್ಷಣ ಉಜ್ಜಬೇಡಿ. ಆಮ್ಲದಿಂದ ಎನಾಮಲ್ ಮೆತ್ತಗಾಗಿರುತ್ತೆ, ಬಾಯಿ ಮುಕ್ಕಳಿಸಿ ಅರ್ಧ ಗಂಟೆ ಬಿಡಿ. ಇದ್ದಿಲು ಪುಡಿ ಬೇಡವೇ ಬೇಡ.

ಆದರೆ ಒಂದು ಮಾತು: ಜುಮ್ ಅಂದದ್ದು ಕ್ಷಣದಲ್ಲೇ ಹೋದರೆ ಅದು ಸೆನ್ಸಿಟಿವಿಟಿ ಇರಬಹುದು. ಬಿಸಿ ಕುಡಿದ ಮೇಲೂ ನೋವು ನಿಮಿಷಗಟ್ಟಲೆ ಉಳಿದರೆ, ರಾತ್ರಿ ನಿದ್ದೆ ಕೆಡಿಸಿದರೆ, ಒಂದೇ ಹಲ್ಲಿಗೆ ಕಚ್ಚಿದಾಗ ಚುಚ್ಚಿದರೆ ಹುಳುಕೋ ಬಿರುಕೋ ಇರುತ್ತೆ. ಪೇಸ್ಟು ನಂಬಿಕೊಂಡು ಕೂತರೆ ಫಿಲ್ಲಿಂಗಿನಲ್ಲಿ ಮುಗಿಯೋದು ರೂಟ್ ಕೆನಾಲಿಗೆ ಹೋಗುತ್ತೆ.

ನಾನು ಮೂರು ವಾರದಿಂದ ಹಗುರಾಗಿ ಉಜ್ಜುತ್ತಿದ್ದೇನೆ, ನೋವು ತುಂಬ ಕಮ್ಮಿ. ಅಜ್ಜಿಗೂ ಒಂದು ಸಾಫ್ಟ್ ಬ್ರಶ್ ತಗೊಂಡಿದ್ದೀನಿ. "ಇದೇನೋ ಮಕ್ಕಳ ಬ್ರಶ್ಶು" ಅಂತ ಬೈದ್ಲು. ಉಪಯೋಗಿಸ್ತಿದ್ದಾಳೆ.