ಕುಡಿದು ಕಳೆದುಕೊಂಡ ಲೈಸೆನ್ಸ್ ಮರಳಿ ಸಿಗುವ ದಾರಿ

ಕುಡಿದು ವಾಹನ ಓಡಿಸಿ ಶಿಕ್ಷೆಗೊಳಗಾದವರ ಡಿಎಲ್‌ಗೆ ಎರಡು ಕಡೆಯಿಂದ ಕುತ್ತು ಬರುತ್ತದೆ. ಒಂದು ನ್ಯಾಯಾಲಯ, ಇನ್ನೊಂದು ಆರ್‌ಟಿಒ. ಎರಡಕ್ಕೂ ಅಧಿಕಾರ ಕೊಟ್ಟಿರುವುದು 1988ರ ಮೋಟಾರು ವಾಹನ ಕಾಯ್ದೆಯೇ ಆದರೂ ಆದೇಶಗಳು ಬೇರೆ, ಅವಧಿ ಬೇರೆ, ಅವುಗಳಿಂದ ಹೊರಬರುವ ದಾರಿಯೂ ಬೇರೆ. ದೊಡ್ಡಬಳ್ಳಾಪುರದಲ್ಲಿ ಸಿಕ್ಕಿಬಿದ್ದವರ ಪ್ರಕರಣ ಪಟ್ಟಣದ ಮ್ಯಾಜಿಸ್ಟ್ರೇಟ್ ನ್ಯಾಯಾಲಯಕ್ಕೆ ಹೋಗುತ್ತದೆ. ಡಿಎಲ್‌ನ ವ್ಯವಹಾರ ಸಾರಿಗೆ ಕಚೇರಿಯದು. ಈ ಭಾಗದ ಗಾಡಿಗಳ ಮೇಲೆ ಹೆಚ್ಚಾಗಿ ಕಾಣುವ ಕೆಎ-43 ದೇವನಹಳ್ಳಿ ಕಚೇರಿಯ ಸಂಖ್ಯೆ. ಕೋರ್ಟಿನಲ್ಲಿ ದಂಡ ಕಟ್ಟಿದ ಮೇಲೆ ಎಲ್ಲ ಮುಗಿಯಿತು ಎಂದುಕೊಂಡು ಗಾಡಿ ಹತ್ತಿದವರು ಇನ್ನೂ ದೊಡ್ಡ ಕೇಸಿಗೆ ಸಿಕ್ಕುವುದು ಈ ವ್ಯತ್ಯಾಸ ತಿಳಿಯದೆ.

ಕಾಯ್ದೆಯ 185ನೇ ಕಲಂ ಪ್ರಕಾರ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಆಲ್ಕೋಹಾಲ್ ಇದ್ದರೆ ಅಪರಾಧ. ಯಲಹಂಕ–ಹಿಂದೂಪುರ ರಸ್ತೆಯಲ್ಲಿ ಬೈಕಿನಲ್ಲಿ ಮನೆಗೆ ಹೊರಟ ಮಗ್ಗದ ಕೆಲಸಗಾರ, ದಾಬಸ್‌ಪೇಟೆಯಿಂದ ಹೊಸಕೋಟೆಯ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಲಾರಿ ಓಡಿಸುವವನು, ವಿಮಾನ ನಿಲ್ದಾಣಕ್ಕೆ ಬಾಡಿಗೆ ಹೊಡೆಯುವ ಕ್ಯಾಬ್ ಚಾಲಕ, ಮೂವರಿಗೂ ಮಿತಿ ಒಂದೇ. ಊದಲು ಒಪ್ಪದಿದ್ದರೆ ಪಾರಾಗಬಹುದು ಎಂಬ ಮಾತಿನಲ್ಲಿ ಹುರುಳಿಲ್ಲ. ಸರಿಯಾದ ಕಾರಣವಿಲ್ಲದೆ ಉಸಿರಿನ ಅಥವಾ ರಕ್ತದ ಪರೀಕ್ಷೆಗೆ ನಿರಾಕರಿಸಿದ್ದನ್ನು ನ್ಯಾಯಾಲಯ ಆರೋಪಿಯ ವಿರುದ್ಧವೇ ಪರಿಗಣಿಸಬಹುದು ಎಂದು 205ನೇ ಕಲಂ ಹೇಳುತ್ತದೆ.

ಹೆಲ್ಮೆಟ್ ಇಲ್ಲದ್ದಕ್ಕೆ ಪೊಲೀಸರ ಕೈಯಲ್ಲೇ ದಂಡ ಕಟ್ಟಿ ರಸೀದಿ ಪಡೆದಂತೆ ಈ ಪ್ರಕರಣವನ್ನು ರಸ್ತೆಯಲ್ಲೇ ಮುಗಿಸಲು ಬರುವುದಿಲ್ಲ. ನ್ಯಾಯಾಧೀಶರ ಮುಂದೆ ಹೋಗಲೇಬೇಕು. 2019ರ ತಿದ್ದುಪಡಿಯ ನಂತರ ಮೊದಲ ಸಲದ ಅಪರಾಧಕ್ಕೆ 10,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಎರಡನೆಯ ಸಲಕ್ಕೆ ದಂಡ 15,000 ರೂಪಾಯಿ, ಜೈಲು ಎರಡು ವರ್ಷದವರೆಗೆ. ಬೇಗ ಮುಗಿಯಲಿ ಎಂದು ಮೊದಲ ದಿನವೇ ತಪ್ಪೊಪ್ಪಿಕೊಳ್ಳುವವರು ಹಲವರು. ಒಪ್ಪಿಕೊಂಡರೆ ಅದೂ ಶಿಕ್ಷೆಯಾದ ಪ್ರಕರಣವೇ, ಮುಂದಿನ ಸಲ ಸಿಕ್ಕಿಬಿದ್ದರೆ ಎರಡನೆಯದೆಂದು ಎಣಿಕೆಯಾಗುತ್ತದೆ ಎಂಬುದನ್ನು ವಕೀಲರಾಗಲಿ ನಡುವೆ ನಿಂತವರಾಗಲಿ ಅವರಿಗೆ ಮೊದಲೇ ಬಿಡಿಸಿ ಹೇಳಬೇಕು.

ದಂಡಕ್ಕಿಂತ ಬಿಗಿಯಾದದ್ದು 20ನೇ ಕಲಂ. 185ರ ಅಡಿ ಶಿಕ್ಷೆ ವಿಧಿಸುವ ನ್ಯಾಯಾಲಯ ಅಪರಾಧಿಯನ್ನು ಕನಿಷ್ಠ ಆರು ತಿಂಗಳು ಡಿಎಲ್ ಹೊಂದಲು ಅನರ್ಹಗೊಳಿಸಬೇಕು. ಇಲ್ಲಿ ನ್ಯಾಯಾಧೀಶರ ವಿವೇಚನೆಗೆ ಕಾನೂನು ಹೆಚ್ಚು ಜಾಗ ಬಿಟ್ಟಿಲ್ಲ. ಬಿಟ್ಟಿರುವ ಒಂದು ಸಣ್ಣ ಜಾಗ ಮಾತ್ರ ದುಡಿಯುವವರಿಗೆ ದೊಡ್ಡದು: ಅನರ್ಹತೆ ಎಲ್ಲ ಬಗೆಯ ವಾಹನಗಳಿಗೂ ಇರಬಹುದು, ನಿರ್ದಿಷ್ಟ ಬಗೆಯ ವಾಹನಕ್ಕಷ್ಟೇ ಇರಬಹುದು. ರಜೆಯ ದಿನ ಬೈಕಿನಲ್ಲಿ ಸಿಕ್ಕಿಬಿದ್ದ ಕ್ಯಾಬ್ ಚಾಲಕ ಈ ಮಾತನ್ನು ಆದೇಶವಾಗುವ ಮುಂಚೆಯೇ ನ್ಯಾಯಾಲಯದ ಗಮನಕ್ಕೆ ತರಬೇಕು. ಆದೇಶವಾದ ಮೇಲೆ ಮೇಲ್ಮನವಿ ಹಾಕಿದ ಮಾತ್ರಕ್ಕೆ ಅನರ್ಹತೆ ನಿಲ್ಲುವುದಿಲ್ಲ. ಮೇಲಿನ ನ್ಯಾಯಾಲಯ ತಡೆ ಕೊಟ್ಟರಷ್ಟೇ ನಿಲ್ಲುತ್ತದೆ.

ಇನ್ನು ಆರ್‌ಟಿಒ ಕಡೆಯ ಆದೇಶ. 2019ರ ತಿದ್ದುಪಡಿ ಪೊಲೀಸರಿಗೆ ಡಿಎಲ್ ವಶಪಡಿಸಿಕೊಂಡು ಸಾರಿಗೆ ಕಚೇರಿಗೆ ಕಳುಹಿಸುವ ಅಧಿಕಾರ ಕೊಟ್ಟಿದೆ. ಕಚೇರಿ ನೋಟಿಸು ಕೊಟ್ಟು ಚಾಲಕನ ಮಾತು ಕೇಳಬೇಕು, ಕಾರಣಗಳನ್ನು ಬರವಣಿಗೆಯಲ್ಲಿ ದಾಖಲಿಸಬೇಕು. ಆಮೇಲೆ ಮೊದಲ ಅಪರಾಧವಾದರೆ ಮೂರು ತಿಂಗಳ ಅನರ್ಹತೆ, ಎರಡನೆಯದಾದರೆ ಡಿಎಲ್ಲೇ ರದ್ದು. ರದ್ದಾದವರ ಹೆಸರನ್ನು ಸಾರ್ವಜನಿಕವಾಗಿ ಪ್ರಕಟಿಸಲೂ ಅವಕಾಶವಿದೆ. ಆದೇಶ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಮೇಲ್ಮನವಿ ಸಲ್ಲಿಸಬಹುದು. ನೋಟಿಸು ಹಳೆಯ ವಿಳಾಸಕ್ಕೆ ಹೋಗಿ, ಚಾಲಕನಿಗೆ ತಿಳಿಯುವ ಹೊತ್ತಿಗೆ ಈ ಗಡುವು ಮುಗಿದಿರಬಹುದು. ಬಾಶೆಟ್ಟಿಹಳ್ಳಿ ಕೈಗಾರಿಕಾ ಪ್ರದೇಶದ ಸುತ್ತ ಬಾಡಿಗೆ ಮನೆ ಬದಲಿಸುತ್ತ ಇರುವವರು ಡಿಎಲ್‌ನಲ್ಲಿ ವಿಳಾಸ ಸರಿಪಡಿಸಿಕೊಳ್ಳುವುದು ಅದಕ್ಕಾಗಿಯೇ ಮುಖ್ಯ.

ಮೂರು ತಿಂಗಳು ಕಳೆದ ದಿನ ಕಾರ್ಡು ತಾನಾಗಿ ಕೈಗೆ ಬರುವುದಿಲ್ಲ. ಪರವಾನಗಿ ಪಡೆದ ಡ್ರೈವಿಂಗ್ ಶಾಲೆಯಲ್ಲಿ ಅಥವಾ ಕೇಂದ್ರ ಸರ್ಕಾರ ಸೂಚಿಸಿದ ಸಂಸ್ಥೆಯಲ್ಲಿ ಚಾಲಕರ ಮರು ತರಬೇತಿ ಮುಗಿಸಿದರಷ್ಟೇ ಅದನ್ನು ಹಿಂದಿರುಗಿಸಬೇಕೆಂದು 19ನೇ ಕಲಂ ಹೇಳುತ್ತದೆ. ನ್ಯಾಯಾಲಯದ ಆರು ತಿಂಗಳು ಇನ್ನೂ ಬಾಕಿ ಇದ್ದರೆ ಕಾರ್ಡು ಕೈಗೆ ಬಂದರೂ ಗಾಡಿ ಮುಟ್ಟುವಂತಿಲ್ಲ. ಆದ್ದರಿಂದ ನ್ಯಾಯಾಲಯದ ಆದೇಶದ ದೃಢೀಕೃತ ಪ್ರತಿ, ದಂಡ ಕಟ್ಟಿದ ರಸೀದಿ, ಆರ್‌ಟಿಒ ಆದೇಶ, ತರಬೇತಿಯ ಪ್ರಮಾಣಪತ್ರ ಇವೆಲ್ಲ ಒಂದೇ ಕಡೆ ಇರಬೇಕು. ಎರಡೂ ಆದೇಶಗಳ ಕೊನೆಯ ದಿನಾಂಕವನ್ನು ಹೋಲಿಸಿ, ಯಾವುದು ತಡವೋ ಅದನ್ನೇ ಹಿಡಿಯಬೇಕು.

ಡಿಎಲ್ ರದ್ದಾದವರ ಪಾಡು ಬೇರೆ. ಅವರ ಪಾಲಿಗೆ ಹಿಂದಿರುಗಿ ಬರುವ ಕಾರ್ಡೇ ಇಲ್ಲ. ಅನರ್ಹತೆಯ ಅವಧಿ ಇದ್ದರೆ ಅದು ಮುಗಿದ ಮೇಲೆ ಎಲ್‌ಎಲ್‌ಆರ್‌ನಿಂದ ಆರಂಭಿಸಿ, ಕನಿಷ್ಠ 30 ದಿನ ಕಾದು, ಮತ್ತೆ ಚಾಲನಾ ಪರೀಕ್ಷೆ ಕೊಡಬೇಕು. ಬೈಕು, ಕಾರಿನವರಿಗೆ ಇದು ಕೆಲವು ತಿಂಗಳ ಅಲೆದಾಟ. ಲಾರಿ, ಬಸ್ಸಿನವರ ಹೊಟ್ಟೆಪಾಡಿಗೆ ಮಾತ್ರ ಇದು ಭಾರೀ ಪೆಟ್ಟು. ಲಘು ಮೋಟಾರು ವಾಹನದ ಡಿಎಲ್ ಕನಿಷ್ಠ ಒಂದು ವರ್ಷ ಇಟ್ಟುಕೊಂಡಿರದವರಿಗೆ ಸಾರಿಗೆ ವಾಹನದ ಎಲ್‌ಎಲ್‌ಆರ್ ಕೊಡುವಂತಿಲ್ಲ ಎಂಬುದು 7ನೇ ಕಲಂ. ಇಪ್ಪತ್ತು ವರ್ಷ ಲಾರಿ ಓಡಿಸಿದವನೂ ಹೊಸಬನಂತೆ ಮೊದಲ ಮೆಟ್ಟಿಲಿನಿಂದ ಹತ್ತಬೇಕಾಗಬಹುದು. ಸುಪ್ರೀಂ ಕೋರ್ಟ್ 2024ರ ನವೆಂಬರ್ 6ರಂದು ಕೊಟ್ಟ ತೀರ್ಪಿನಂತೆ 7,500 ಕಿಲೋಗಿಂತ ಕಡಿಮೆ ಒಟ್ಟು ತೂಕದ ಸಾರಿಗೆ ವಾಹನವನ್ನು ಲಘು ಮೋಟಾರು ವಾಹನದ ಡಿಎಲ್‌ನಲ್ಲೇ ಓಡಿಸಬಹುದು. ಸಣ್ಣ ಗೂಡ್ಸ್ ಗಾಡಿ ಮತ್ತು ಕ್ಯಾಬ್ ಚಾಲಕರಿಗೆ ಅಷ್ಟು ಆಸರೆಯಿದೆ.

ಈ ನಡುವೆ ಅಡ್ಡದಾರಿ ತೋರಿಸುವ ಏಜೆಂಟರಿಗೆ ಬರವಿಲ್ಲ. ಗಡಿ ದಾಟಿ ಹಿಂದೂಪುರದ ವಿಳಾಸದಲ್ಲಿ ಹೊಸ ಡಿಎಲ್ ಮಾಡಿಸಿಕೊಡುತ್ತೇವೆ ಎನ್ನುವ ಮಾತಿಗೆ ಹಣ ಕೊಟ್ಟರೆ ಹಣವೂ ಹೋಗುತ್ತದೆ, ಕೇಸೂ ಬೀಳುತ್ತದೆ. ಡಿಎಲ್ ದಾಖಲೆಗಳು ಈಗ ‘ಸಾರಥಿ’ ವ್ಯವಸ್ಥೆಯಲ್ಲಿ ರಾಜ್ಯಗಳ ನಡುವೆ ಜೋಡಣೆಯಾಗಿವೆ. ಅನರ್ಹರಾಗಿದ್ದಾಗ ಗಾಡಿ ಓಡಿಸುವುದಷ್ಟೇ ಅಲ್ಲ, ಡಿಎಲ್‌ಗೆ ಅರ್ಜಿ ಹಾಕುವುದೂ 182ನೇ ಕಲಂ ಪ್ರಕಾರ ಅಪರಾಧ: ಮೂರು ತಿಂಗಳವರೆಗೆ ಜೈಲು, ಇಲ್ಲವೇ 10,000 ರೂಪಾಯಿ ದಂಡ, ಅಥವಾ ಎರಡೂ. ಹಾಗೆ ಪಡೆದ ಡಿಎಲ್‌ಗೆ ಬೆಲೆಯೂ ಇಲ್ಲ. ಅಂಥವರು ಅಪಘಾತ ಮಾಡಿದರೆ ವಿಮಾ ಕಂಪನಿ ಹೊಣೆಯಿಂದ ನುಣುಚಿಕೊಳ್ಳಲು ಅದನ್ನೇ ಕಾರಣವಾಗಿ ಮುಂದಿಡಬಹುದು. ಪರಿಹಾರದ ಭಾರ ಗಾಡಿಯ ಮಾಲೀಕರ ತಲೆಗೆ ಬರಬಹುದು.

ಆರು ತಿಂಗಳಿಗಿಂತ ದೀರ್ಘವಾದ ಅನರ್ಹತೆಗೆ ಕಾನೂನೇ ಒಂದು ಬಿಡುಗಡೆ ಇಟ್ಟಿದೆ. ಆದೇಶವಾಗಿ ಆರು ತಿಂಗಳಾದ ಮೇಲೆ, ಆದೇಶ ಕೊಟ್ಟ ನ್ಯಾಯಾಲಯಕ್ಕೆ ಅಥವಾ ಅಧಿಕಾರಿಗೆ ಅದನ್ನು ತೆಗೆದುಹಾಕುವಂತೆ ಅರ್ಜಿ ಹಾಕಬಹುದು. ತಿರಸ್ಕೃತವಾದರೆ ಮೂರು ತಿಂಗಳು ಕಳೆಯದೆ ಎರಡನೆಯ ಅರ್ಜಿ ತೆಗೆದುಕೊಳ್ಳುವುದಿಲ್ಲ. 23ನೇ ಕಲಮಿನ ಈ ಅವಕಾಶ ತಿಳಿದವರು ಕಡಿಮೆ. ಅರ್ಜಿಯನ್ನು ‘ಎಲ್ಲ ಸಂದರ್ಭಗಳನ್ನು ಗಮನಿಸಿ’ ತೀರ್ಮಾನಿಸಬೇಕೆಂದು ಕಾನೂನು ಹೇಳುವುದರಿಂದ, ಕುಡಿತ ಬಿಟ್ಟಿದ್ದಕ್ಕೆ ಆಸ್ಪತ್ರೆಯ ದಾಖಲೆ ಇದ್ದರೆ ಅದಕ್ಕೆ ಇಲ್ಲಿ ತೂಕವಿದೆ. ಬ್ರಿಟನ್ನಿನಲ್ಲಿ ಮೇಲಿಂದ ಮೇಲೆ ಸಿಕ್ಕಿಬಿದ್ದವರು ವೈದ್ಯಕೀಯ ಪರೀಕ್ಷೆಯಲ್ಲಿ ತೇರ್ಗಡೆಯಾಗದೆ ಲೈಸೆನ್ಸ್ ಮರಳಿ ಪಡೆಯುವಂತಿಲ್ಲ. ನಮ್ಮ ಕಾಯ್ದೆ ತಿಂಗಳುಗಳನ್ನು ಲೆಕ್ಕ ಹಾಕುತ್ತದೆ, ತರಬೇತಿಯ ಪ್ರಮಾಣಪತ್ರ ಕೇಳುತ್ತದೆ. ಅರ್ಜಿದಾರನ ಕುಡಿತ ನಿಂತಿದೆಯೇ ಎಂದು ಕೇಳುವುದಿಲ್ಲ. ಇದು ಕಾಯ್ದೆಯ ಅತಿ ದೊಡ್ಡ ಕೊರತೆ. ಚಟವಾಗಿ ಕುಡಿಯುವವನಿಗೆ ಸ್ಟೀರಿಂಗ್ ತಿರುಗಿಸುವುದನ್ನು ಮತ್ತೆ ಕಲಿಸಿ ಪ್ರಯೋಜನವಿಲ್ಲ, ಅವನಿಗೆ ಬೇಕಿರುವುದು ಚಿಕಿತ್ಸೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ಕೇಂದ್ರವಿದೆ. ಟೆಲಿ ಮಾನಸ್‌ನ 14416ಕ್ಕೆ ಮನೆಯಿಂದಲೇ ಉಚಿತವಾಗಿ ಕರೆ ಮಾಡಬಹುದು.

ಡಿಎಲ್ ಮರಳಿದ ಮೇಲೂ ಅನರ್ಹತೆಯ ಷರಾ ಅದರ ದಾಖಲೆಯಲ್ಲಿ ಉಳಿಯುತ್ತದೆ, ಹೊಸ ಡಿಎಲ್‌ಗೂ ಅದು ವರ್ಗವಾಗುತ್ತದೆ. ಸತತ ಮೂರು ವರ್ಷ ಇನ್ನೊಂದು ಷರಾ ಬೀಳದಿದ್ದರೆ, ಅರ್ಜಿ ಕೊಟ್ಟು ಷರಾ ಇಲ್ಲದ ಡಿಎಲ್ ಪಡೆಯುವ ಹಕ್ಕು 25ನೇ ಕಲಮಿನಲ್ಲಿದೆ. ಅನರ್ಹತೆಯಲ್ಲಿ ಕಳೆದ ತಿಂಗಳುಗಳು ಆ ಮೂರು ವರ್ಷದ ಲೆಕ್ಕಕ್ಕೆ ಸೇರುವುದಿಲ್ಲ.